ಬಂಧವೆಂಬ ಅತಿಚಾರ: ಶ್ರಾವಕಾಚಾರಗಳ ಬೆಳಕಿನಲ್ಲಿ ಯಶೋಧರಚರಿತೆಯ ಮೃಗಜನ್ಮಗಳು

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿಯೂ ಎಂಟನೆಯ ಅಧ್ಯಾಯದಲ್ಲಿಯೂ ‘ಬಂಧ’ವೆಂಬ ಒಂದೇ ಶಬ್ದವು ಎರಡು ಬೇರೆ ಅರ್ಥಗಳಲ್ಲಿ ಬಂದಿರುವುದು ಸರ್ವವಿದಿತ. ಎಂಟನೆಯ ಅಧ್ಯಾಯದ ಬಂಧವು ಜೀವಕ್ಕೂ ಕರ್ಮಪುದ್ಗಲಗಳಿಗೂ ಉಂಟಾಗುವ ಸಂಬಂಧ. ಅದರ ಪ್ರಕೃತಿ, ಸ್ಥಿತಿ, ಅನುಭಾಗ, ಪ್ರದೇಶಗಳೆಂಬ ಭೇದಗಳನ್ನು ಕುರಿತು ಬೆಳೆದಿರುವ ಗ್ರಂಥರಾಶಿಯನ್ನು ಒಬ್ಬ ವಿದ್ವಾಂಸನು ಒಂದು ಜನ್ಮದಲ್ಲಿ ಓದಿ ಮುಗಿಸಲಾರನು. ಏಳನೆಯ ಅಧ್ಯಾಯದ ಬಂಧವಾದರೋ ಪಶುವಿನ ಕೊರಳಿಗೆ ಅಥವಾ ಕಾಲಿಗೆ ಬೀಳುವ ಹಗ್ಗ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅದು ಮೊದಲನೆಯದು. ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧಗಳು ಅದರ ಬಳಿಕ ಬರುತ್ತವೆ. ಈ ಹಗ್ಗದ ಬಂಧವನ್ನು ಕುರಿತು ಕನ್ನಡದಲ್ಲಿ ನಡೆದಿರುವ ವಿಚಾರ ಅತ್ಯಲ್ಪ. ಐದು ಹೆಸರುಗಳನ್ನು ಕಂಠಪಾಠ ಮಾಡಿಸಿ ಮುಂದಿನ ಸೂತ್ರಕ್ಕೆ ಹೋಗುವುದೇ ಪಾಠಕ್ರಮದಲ್ಲಿ ವಾಡಿಕೆಯಾಗಿದೆ.

ಹೀಗೆ ಕಡೆಗಣಿಸಿದ ಶಬ್ದವು 2025ರಲ್ಲಿ ಅನಿರೀಕ್ಷಿತವಾಗಿ ಮುಂದೆ ಬಂದು ನಿಂತಿತು. ಕೊಲ್ಲಾಪುರ ಜಿಲ್ಲೆಯ ನಾಂದಣಿಯ ಜೈನಮಠದಲ್ಲಿ 1992ರಿಂದ ಇದ್ದ, ಮಹಾದೇವಿ ಎಂದೂ ಮಾಧುರಿ ಎಂದೂ ಕರೆಯಲ್ಪಡುತ್ತಿದ್ದ ಹೆಣ್ಣಾನೆಯನ್ನು ಗುಜರಾತಿನ ಜಾಮನಗರದ ಪ್ರಾಣಿಕೇಂದ್ರಕ್ಕೆ ಒಯ್ಯಬೇಕೆಂಬ ನಿರ್ಣಯವನ್ನು ಆ ವರ್ಷದ ಜುಲೈ ತಿಂಗಳಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಎತ್ತಿಹಿಡಿಯಿತು, ಅದೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದಕ್ಕೆ ಸಮ್ಮತಿಸಿತು, ಆನೆಯನ್ನು ಸಾಗಿಸಲಾಯಿತು. ಪ್ರಾಣಿಹಕ್ಕಿನ ಪರವಾದಿಗಳು ಸರಪಳಿಯನ್ನೂ ಕಾಲಿನ ವ್ರಣಗಳನ್ನೂ ಒಂಟಿವಾಸವನ್ನೂ ಮುಂದಿಟ್ಟರು. ಮಠದ ಶ್ರಾವಕರು ಪರಂಪರೆಯನ್ನೂ ವಾತ್ಸಲ್ಯವನ್ನೂ ಮುಂದಿಟ್ಟು, ಆಗಸ್ಟ್ ಮೊದಲಲ್ಲಿ ನಾಂದಣಿಯಿಂದ ಕೊಲ್ಲಾಪುರದವರೆಗೆ ಸಹಸ್ರ ಸಹಸ್ರ ಸಂಖ್ಯೆಯಲ್ಲಿ ಮೌನವಾಗಿ ನಡೆದರು. ಎರಡು ಪಕ್ಷದವರ ಬಾಯಲ್ಲಿಯೂ ಅಹಿಂಸೆಯೆಂಬ ಶಬ್ದವಿತ್ತು. ಆದರೆ ಅಹಿಂಸಾಣುವ್ರತದ ಅತಿಚಾರಪ್ರಕರಣದಲ್ಲಿ ಪೂರ್ವಾಚಾರ್ಯರು ಏನು ಹೇಳಿದ್ದಾರೆಂಬುದು ಆ ಗದ್ದಲದಲ್ಲಿ ಕೇಳಿಬರಲಿಲ್ಲ. ಅಹಿಂಸೆಯನ್ನು ಲೋಕಕ್ಕೆ ಕಲಿಸಿದವರೆಂಬ ಹೆಮ್ಮೆಯುಳ್ಳ ಸಮಾಜದ ಮಠದ ಮೇಲೆಯೇ ಪ್ರಾಣಿಪೀಡೆಯ ಆರೋಪ ಬಂದಾಗ, ಅದಕ್ಕೆ ಶಾಸ್ತ್ರದ ಕಡೆಯಿಂದ ಸಲ್ಲಬೇಕಾದ ಉತ್ತರವು ಯಾವುದೆಂಬುದು ಕೇವಲ ವ್ಯಾಕರಣದ ಪ್ರಶ್ನೆಯಲ್ಲ.

ಮೊದಲು ಶಬ್ದಾರ್ಥ. ಪೂಜ್ಯಪಾದರ ಸರ್ವಾರ್ಥಸಿದ್ಧಿಯು ಬಂಧಕ್ಕೆ ಕೊಡುವ ಲಕ್ಷಣ ಅತ್ಯಂತ ಸಂಕ್ಷಿಪ್ತವಾದುದು, ಅಷ್ಟೇ ನಿಶಿತವಾದುದು. ಜೀವಿಯು ತನಗೆ ಇಷ್ಟವಾದ ಸ್ಥಳಕ್ಕೆ ಹೋಗುವುದನ್ನು ತಡೆಯಲು ಕಾರಣವಾದುದು ಬಂಧ ಎಂಬುದು ಅದರ ತಾತ್ಪರ್ಯ. ಹಗ್ಗ, ಸರಪಳಿ, ಗೂಟ, ಪಂಜರಗಳನ್ನು ಎಣಿಸುತ್ತ ಹೋಗದೆ, ಕಟ್ಟಿದವನ ಉದ್ದೇಶವನ್ನೂ ಕೇಳದೆ, ಕಟ್ಟಿಸಿಕೊಂಡ ಜೀವಿಯ ಇಚ್ಛೆಯ ಕಡೆಯಿಂದ ಲಕ್ಷಣವನ್ನು ರಚಿಸಿರುವುದು ಇಲ್ಲಿಯ ವಿಶೇಷ. ಅನಂತರ ಬರುವ ವಧಶಬ್ದದಲ್ಲಿ ಆಧುನಿಕ ಓದುಗರು ಮತ್ತೆ ಮತ್ತೆ ಎಡವುತ್ತಾರೆ. ಅಲ್ಲಿ ವಧವೆಂದರೆ ಕೊಲ್ಲುವುದಲ್ಲ. ಕೋಲು, ಚಾವಟಿ, ಬೆತ್ತಗಳಿಂದ ಹೊಡೆಯುವುದು. ಪ್ರಾಣಹರಣದಿಂದ ವ್ರತಿಯು ಆ ಮೊದಲೇ ನಿವೃತ್ತನಾಗಿರುವನಾದ್ದರಿಂದ ಇಲ್ಲಿ ಆ ಅರ್ಥ ಸಲ್ಲದೆಂದು ಪೂಜ್ಯಪಾದರು ಕಾರಣವನ್ನೂ ಕೊಟ್ಟಿದ್ದಾರೆ. ಸಮಂತಭದ್ರರ ರತ್ನಕರಂಡಕದ ಸಾಕ್ಷ್ಯವು ಇದಕ್ಕೆ ಪೋಷಕ. ಅಲ್ಲಿ ಅದೇ ಪಂಚಕವು ಛೇದನ, ಬಂಧನ, ಪೀಡನ, ಅತಿಭಾರಾರೋಪಣ, ಆಹಾರವಾರಣಗಳೆಂದು ಬಂದಿದೆ. ವಧದ ಸ್ಥಾನದಲ್ಲಿ ಪೀಡನವಿದೆ. ಶ್ವೇತಾಂಬರಾಗಮವಾದ ಉಪಾಸಕದಶಾದಲ್ಲಿ ಆನಂದ ಗೃಹಪತಿಗೆ ಹೇಳಿದ ಅತಿಚಾರಗಳೂ ಇವೇ ಐದು. ಆಮ್ನಾಯಭೇದವನ್ನು ದಾಟಿ ಇಷ್ಟು ಏಕಮತ್ಯವಿರುವ ಪ್ರಕರಣಗಳು ಆಚಾರಗ್ರಂಥಗಳಲ್ಲಿ ಬಹಳವಿಲ್ಲ.

ಇದರಿಂದ ಫಲಿಸುವುದೇನು? ಕೊಲ್ಲದಿರುವುದು ಅಣುವ್ರತದ ಆರಂಭ ಮಾತ್ರ. ಕೊಲ್ಲದೆ ತನ್ನ ವಶದಲ್ಲಿ ಇಟ್ಟುಕೊಂಡ ಪ್ರಾಣಿಯನ್ನು ಶ್ರಾವಕನು ಹೇಗೆ ನಡೆಸಿಕೊಳ್ಳುತ್ತಾನೆಂಬುದೇ ಅತಿಚಾರಪ್ರಕರಣದ ಸಂಪೂರ್ಣ ವಿಷಯ. ಮಾಂಸತ್ಯಾಗವೊಂದನ್ನೇ ಜೈನರ ಪ್ರಾಣಿದಯೆಯ ಸರ್ವಸ್ವವೆಂದು ಹೊಗಳುವ ಹೊರಗಿನವರೂ, ಆ ಹೊಗಳಿಕೆಯಿಂದ ತೃಪ್ತರಾಗುವ ಒಳಗಿನವರೂ ಈ ಐದು ಶಬ್ದಗಳನ್ನು ಓದಿಲ್ಲವೆಂದೇ ಹೇಳಬೇಕಾಗುತ್ತದೆ. ತುಳುನಾಡಿನ ಜೈನ ಮನೆತನಗಳು ಬಹುಕಾಲದಿಂದ ಕಂಬಳಗಳಿಗೆ ಆಶ್ರಯ ಕೊಟ್ಟುಬಂದಿರುವುದು ಪ್ರಸಿದ್ಧ. 2023ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನಪೀಠವು ಕಂಬಳಕ್ಕೆ ಅವಕಾಶ ಕೊಟ್ಟ ತಿದ್ದುಪಡಿಯನ್ನು ಸಿಂಧುವೆಂದಿತು. ಕಾನೂನಿನ ತೊಡಕು ಅಲ್ಲಿಗೆ ಮುಗಿಯಿತು. ಕೋಣದ ಬೆನ್ನಿನ ಮೇಲೆ ಬೆತ್ತ ಬಿದ್ದರೆ ಅದು ಸರ್ವಾರ್ಥಸಿದ್ಧಿಯ ವಧಲಕ್ಷಣಕ್ಕೆ ಒಳಪಡುವುದೋ ಇಲ್ಲವೋ ಎಂಬ ಪ್ರಶ್ನೆ ಆ ತೀರ್ಪಿನಿಂದ ಮುಗಿಯಲಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಟೀಕಾಕಾರರ ದೃಷ್ಟಿಯಲ್ಲಿ ಇದ್ದುದು ಗೋಮಹಿಷಾದಿ ಸಾಕುಪ್ರಾಣಿಗಳು. ಕಾಡಿನ ಮೃಗಗಳ ಮಾತನ್ನು ಇಲ್ಲಿಗೆ ಎಳೆಯುವುದು ಸರಿಯೇ? ಗೃಹಸ್ಥನು ಹಸುವನ್ನು ಕಟ್ಟದೆ ಸಾಕಲಾರನೆಂಬುದನ್ನು ಪೂರ್ವಾಚಾರ್ಯರು ಅರಿಯದವರಲ್ಲ. ಆದಕಾರಣವೇ ಹದಿಮೂರನೆಯ ಶತಮಾನದ ಆಶಾಧರಸೂರಿಗಳು ಸಾಗಾರಧರ್ಮಾಮೃತದಲ್ಲಿ ಮೆಟ್ಟಿಲುಗಳನ್ನು ಕಲ್ಪಿಸಿದರು. ನೈಷ್ಠಿಕನು ಪಶುಗಳಿಂದ ಜೀವಿಕೆ ಮಾಡುವುದನ್ನೇ ಬಿಡುವುದು ಉತ್ತಮ. ಉಪಭೋಗಕ್ಕೆ ಇಟ್ಟುಕೊಂಡರೂ ಕಟ್ಟದೆ ಇಟ್ಟುಕೊಳ್ಳುವುದು ಅದಕ್ಕಿಂತ ಕೆಳಗಿನದು. ಕಟ್ಟಲೇಬೇಕಾದರೆ ನಿರ್ದಯೆಯಿಂದ ಕಟ್ಟಬಾರದೆಂಬುದು ಕೊನೆಯದು. ಶ್ರಾವಕಾಚಾರದ ಟೀಕೆಗಳಲ್ಲಿ ಹಗ್ಗದ ಗಂಟಿನ ಮಾತೂ ಬರುತ್ತದೆ: ಬೆಂಕಿ ಬಿದ್ದ ಹೊತ್ತಿನಲ್ಲಿ ಬಿಚ್ಚಲು ಅಥವಾ ಕಡಿಯಲು ಬರುವಷ್ಟು ಸಡಿಲವಾಗಿರಬೇಕು. ದನದ ಕೊಟ್ಟಿಗೆಯನ್ನು ಕಣ್ಣಾರೆ ಕಂಡವರ ಮಾತಿದು. ಸಾಕಿದ ಹಸುವಿಗೆ ಇಷ್ಟವಾದ ಸ್ಥಳವೆಂದರೆ ಹುಲ್ಲುಗಾವಲು, ಸಂಜೆಗೆ ಕರುವಿರುವ ಕೊಟ್ಟಿಗೆ; ಹಗ್ಗವು ಅದನ್ನು ಸ್ವಲ್ಪ ಹೊತ್ತು ಮಾತ್ರ ತಡೆಯುತ್ತದೆ. ಕಾಡಾನೆಗೆ ಇಷ್ಟವಾದ ಸ್ಥಳವು ಕಾಡು, ಅದರ ಹಿಂಡು. ಅದನ್ನು ಹಿಡಿದ ಕ್ಷಣದಿಂದ ಸಾಯುವ ಕ್ಷಣದವರೆಗೆ ತಡೆ ತಪ್ಪುವುದಿಲ್ಲ. ಮೈಸೂರು ಸೀಮೆಯ ಕಾಕನಕೋಟೆಯಲ್ಲಿ 1971ರಲ್ಲಿ ಕಡೆಯ ಖೆಡ್ಡಾ ನಡೆಯಿತು. ಹಿಂಡುಹಿಂಡನ್ನೇ ಕಂದಕದ ಒಳಗೆ ಓಡಿಸಿ, ಹಗ್ಗ ಬಿಗಿದು, ಪಳಗಿಸಿ ಹಂಚುವ ಆ ಕ್ರಮವನ್ನು ಬಲ್ಲವರಿಗೆ ಸಾಕುಪಶುವಿಗೆ ಹೇಳಿದ ಬಂಧಲಕ್ಷಣವು ವನ್ಯಮೃಗಕ್ಕೆ ನೂರ್ಮಡಿಯಾಗಿ ಸಲ್ಲುತ್ತದೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಲಕ್ಷಣದಲ್ಲಿ ಊರು-ಕಾಡುಗಳ ಭೇದವೂ ಇಲ್ಲ.

ಶ್ರಾವಕಾಚಾರಗಳು ವನ್ಯಮೃಗಗಳನ್ನು ನೇರವಾಗಿಯೇ ಮುಟ್ಟುವ ಸ್ಥಳವೊಂದುಂಟು. ಅದು ಹದಿನೈದು ಕರ್ಮಾದಾನಗಳ, ಎಂದರೆ ವರ್ಜ್ಯವಾದ ಉದ್ಯೋಗಗಳ ಪ್ರಕರಣ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿ ದಂತವಾಣಿಜ್ಯವೆಂದರೆ ದಂತ, ಕೂದಲು, ಉಗುರು, ಎಲುಬು, ಚರ್ಮಗಳನ್ನು ಅವು ದೊರೆಯುವ ಆಕರದಲ್ಲಿಯೇ ವ್ಯಾಪಾರಕ್ಕಾಗಿ ಕೊಳ್ಳುವುದು. ಆಕರವೆಂಬ ನಿರ್ಬಂಧವೇಕೆ? ವರ್ತಕನು ಪುಳಿಂದರಿಗೆ ಮುಂಗಡವಾಗಿ ಹಣ ಕೊಟ್ಟು ದಂತ ತನ್ನಿರೆಂದರೆ ಅವರು ಆನೆಗಳನ್ನು ಕೊಲ್ಲುವರೆಂದು ಟೀಕಾಪರಂಪರೆ ಕಾರಣ ಹೇಳುತ್ತದೆ. ಬಾಣ ಬಿಟ್ಟವನು ಬೇಡನಾದರೂ ಅದನ್ನು ಬಿಡಿಸಿದುದು ವರ್ತಕನ ಹಣ. ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಶಾಸನವು 1972ರಲ್ಲಿ ಬಂದು, 1986ರ ತಿದ್ದುಪಡಿಯಿಂದ ದೇಶದ ಆನೆಯ ದಂತದ ವ್ಯಾಪಾರವು ನಿಷಿದ್ಧವಾದಾಗ ಅದರ ಹಿಂದಿದ್ದ ತರ್ಕವೂ ಇದೇ. ಆಶಾಧರರು ಈ ಹದಿನೈದರ ಪಟ್ಟಿಯನ್ನು ಪೂರ್ತಿ ಒಪ್ಪಲಿಲ್ಲವೆಂಬುದನ್ನೂ ಇಲ್ಲಿ ಹೇಳತಕ್ಕದ್ದು. ಲೋಕದಲ್ಲಿ ಪಾಪಯುಕ್ತವಾದ ಉದ್ಯೋಗಗಳು ಅಸಂಖ್ಯವಾಗಿರುವಾಗ ಎಣಿಕೆ ಹಾಕುವುದು ಚೆನ್ನಲ್ಲ, ತೀರ ಮಂದಬುದ್ಧಿಗಳಿಗಾಗಿ ಬೇಕಾದರೆ ಹೇಳಬಹುದು ಎಂಬುದು ಅವರ ಅಭಿಪ್ರಾಯ. ಪಂಡಿತರ ಬಿರುಸು ಎಲ್ಲ ಕಾಲದಲ್ಲಿಯೂ ಒಂದೇ.

ದಂತವಾಣಿಜ್ಯದ ಈ ನ್ಯಾಯವನ್ನು ಹೊರಗಿನವರಿಗೆ ಅನ್ವಯಿಸಿ ಸುಮ್ಮನಾಗುವುದು ಸರಳ. ಆದರೆ ದಿಗಂಬರ ಮುನಿಗಳ ಸಂಯಮೋಪಕರಣವಾದ ಪಿಂಛಿಯು ನವಿಲುಗರಿಯದು. ನವಿಲು ತಾನಾಗಿ ಉದುರಿಸಿದ ಗರಿಯೇ ಅದಕ್ಕೆ ಸಲ್ಲುವುದೆಂಬುದು ನಿರ್ವಿವಾದ. ವನ್ಯಜೀವಿ ಶಾಸನವೂ ನವಿಲಿನ ಬಾಲದ ಗರಿಗೆ ವಿನಾಯಿತಿ ಕೊಟ್ಟಿತು. ಗರಿಯು ಅಂಗಡಿಯಲ್ಲಿ ಕಟ್ಟುಕಟ್ಟಾಗಿ ಸಿಗುವಾಗ ಉದುರಿದುದು ಯಾವುದು, ಕಿತ್ತುದು ಯಾವುದು ಎಂಬ ವಿಚಾರಣೆಯ ಹೊಣೆ ಕೊಳ್ಳುವ ಶ್ರಾವಕನದೇ. ಕಿತ್ತ ಗರಿಯ ಬುಡದಲ್ಲಿ ರಕ್ತದ ಕಲೆಯಿರುತ್ತದೆ. ಆದರೆ ಬುಡವನ್ನು ಕತ್ತರಿಸಿ ಮಾರಿದರೆ ಆ ಗುರುತೂ ಉಳಿಯದು. ಮುಂಗಡ ಪಡೆದ ಪುಳಿಂದನ ದೃಷ್ಟಾಂತವು ಇಲ್ಲಿಗೆ ಎಷ್ಟು ದೂರದ್ದು?

ಅದೇ ಯೋಗಶಾಸ್ತ್ರದ ಅಸತೀಪೋಷಣದ ವಿವರಣೆಯು ಸಾಹಿತ್ಯವಿಮರ್ಶೆಯ ದೃಷ್ಟಿಯಿಂದ ಅತ್ಯಂತ ಮಹತ್ತ್ವದ್ದು. ಹಣಕ್ಕಾಗಿ ಸಾಕಬಾರದ ಪ್ರಾಣಿಗಳನ್ನು ಅಲ್ಲಿ ಹೆಸರಿಸಲಾಗಿದೆ: ಸಾರಿಕೆ, ಗಿಳಿ, ಬೆಕ್ಕು, ನಾಯಿ, ಕೋಳಿ, ನವಿಲು. ಜನ್ನನ ಯಶೋಧರಚರಿತೆಯನ್ನು ಓದಿದವರಿಗೆ ಈ ಪಟ್ಟಿಯ ಕೊನೆಯ ಮೂರು ಹೆಸರುಗಳು ತಟ್ಟನೆ ಪರಿಚಿತವೆನಿಸಬೇಕು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರನು ಮೊದಲು ನವಿಲಾಗಿಯೂ ತಾಯಿ ಚಂದ್ರಮತಿಯು ನಾಯಿಯಾಗಿಯೂ ಹುಟ್ಟುತ್ತಾರೆ. ಕೊನೆಯಲ್ಲಿ ಇಬ್ಬರೂ ಕೋಳಿಗಳಾಗುತ್ತಾರೆ. ಕ್ರಿ.ಶ. 1209ರ ಜನ್ನನು ಹೇಮಚಂದ್ರರಿಂದ ಇದನ್ನು ಪಡೆದನೆಂದು ಹೇಳಲು ಬರುವಂತಿಲ್ಲ. 959ರ ಸೋಮದೇವನ ಯಶಸ್ತಿಲಕದಲ್ಲಿಯೂ ಈ ಜನ್ಮಗಳಿವೆ. ಕಥೆಯು ಹರಿಭದ್ರಸೂರಿಯ ಸಮರಾಇಚ್ಚಕಹಾದಷ್ಟು ಹಳೆಯದು. ಶ್ರಾವಕಾಚಾರವೂ ಕಥೆಯೂ ಒಂದೇ ಲೋಕಾನುಭವದಿಂದ, ಅರಮನೆಗಳಲ್ಲಿಯೂ ಸಿರಿವಂತರ ಅಂಗಳಗಳಲ್ಲಿಯೂ ವಿನೋದಕ್ಕಾಗಿ ಪ್ರಾಣಿಗಳನ್ನು ಇಟ್ಟುಕೊಳ್ಳುತ್ತಿದ್ದ ಅನುಭವದಿಂದ, ಮೂಡಿದುವೆಂದು ತಿಳಿಯುವುದು ಯುಕ್ತ.

ಕನ್ನಡ ವಿಮರ್ಶೆಯು ಯಶೋಧರಚರಿತೆಯಲ್ಲಿ ಎರಡು ವಿಷಯಗಳ ಮೇಲೆ ದೃಷ್ಟಿಯಿಟ್ಟಿದೆ: ಅಮೃತಮತಿಯ ಮನಸ್ಸು, ಸಂಕಲ್ಪಹಿಂಸೆ. ನಡುವಣ ಮೃಗಜನ್ಮಗಳನ್ನು ಕಥಾವಸ್ತುವಿನ ಹೊರೆಯೆಂದು, ಮತೋಪದೇಶದ ನಿರ್ಬಂಧವೆಂದು ದಾಟಿಹೋಗುವುದು ರೂಢಿ. 1980ರ ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ವು ಈ ಜನ್ಮಗಳನ್ನು ಪೂರ್ತಿಯಾಗಿ ಕೈಬಿಟ್ಟು ರಾಜ, ರಾಣಿ, ತಾಯಿ, ಮಾವುತ ಎಂಬ ನಾಲ್ವರನ್ನು ಉಳಿಸಿಕೊಂಡಿತು, ನಾಟಕಕ್ಕೆ ಅದು ಸಲ್ಲಬಹುದು. ಕಾವ್ಯವನ್ನು ಹಾಗೆ ಓದಿದರೆ ಅದರ ಅರ್ಧ ಉಳಿಯುವುದಿಲ್ಲ. ನವಿಲೂ ನಾಯಿಯೂ ಹುಟ್ಟುವುದು ಹೊರಗೆ. ಕಾಣಿಕೆಯಾಗಿ ಬಂದು ಸೇರುವುದು ಯಶೋಧರನ ಮಗನಾದ ಯಶೋಮತಿಯ ಅರಮನೆಯನ್ನು. ರಾಜನಿಗೆ ಅವುಗಳ ಮೇಲೆ ದ್ವೇಷವಿಲ್ಲ, ಮೆಚ್ಚಿಕೆಯೇ ಇದೆ. ರಾಣಿಯನ್ನು ಜಾರನೊಡನೆ ಕಂಡು ಪೂರ್ವಸ್ಮರಣೆಯಿಂದ ಮೇಲೆರಗಿದ ನವಿಲು ಪೆಟ್ಟು ತಿಂದು ನಾಯಿಯ ಬಾಯಿಗೆ ಬೀಳುತ್ತದೆ. ನಾಯಿಯನ್ನು ಯಶೋಮತಿಯೇ ಹೊಡೆದು ಕೊಲ್ಲುತ್ತಾನೆ. ಅಜ್ಜಿಯನ್ನು ಕೊಂದೆನೆಂದು ಅವನಿಗೆ ತಿಳಿಯದು. ಮುಂದೆ ಮೀನು, ಮೊಸಳೆ, ಆಡು, ಕೋಣಗಳಾದಾಗಲೂ ಅವರನ್ನು ಹಿಡಿಸುವುದು, ಬೇಯಿಸುವುದು ಇದೇ ಮನೆ. ಕಡೆಯಲ್ಲಿ ಕೋಳಿಗಳಾಗಿ ತಳಾರ ಚಂಡಕರ್ಮನ ಪಂಜರದಲ್ಲಿರುವಾಗ ಅಕಂಪನ ಮುನಿಗಳ ಉಪದೇಶದಿಂದ ಜಾತಿಸ್ಮರಣೆಯಾಗಿ, ವ್ರತ ಹಿಡಿದ ಸಂತೋಷದಿಂದ ಕೂಗುತ್ತವೆ. ಅದೇ ವನದಲ್ಲಿ ಕುಸುಮಾವಳಿಯೊಡನಿದ್ದ ಯಶೋಮತಿಯು ಶಬ್ದವೇಧಿಯ ಕೌಶಲವನ್ನು ತೋರಿಸಲೆಂದು ಆ ಕೂಗಿನ ದಿಕ್ಕಿಗೆ ಬಾಣ ಬಿಡುತ್ತಾನೆ. ಕೊಲೆಗೆ ಕಾರಣ ಹಸಿವಲ್ಲ, ಹಗೆಯಲ್ಲ; ಪ್ರಿಯೆಯ ಎದುರಿನ ಪ್ರದರ್ಶನ.

ಅಡವಿಯ ಜನ್ಮವೊಂದು ಈ ಸಾಲಿನಲ್ಲಿ ಉಂಟು. ಅಲ್ಲಿ ತಾಯಿ ಹಾವು, ಮಗ ಹಾವನ್ನು ತಿನ್ನುವ ಮೃಗ. ಕಾಡೆಂದರೆ ಶಾಂತಿಯ ಬೀಡೆಂಬ ಭ್ರಮೆ ಕವಿಗಿಲ್ಲ. ಇದನ್ನು ಮರೆತು ಜನ್ನನನ್ನು ಇಂದಿನ ಪ್ರಾಣಿಹಕ್ಕಿನ ವಕೀಲನನ್ನಾಗಿ ಮಾಡಿದರೆ ಕಾವ್ಯಕ್ಕೆ ಅನ್ಯಾಯವಾಗುತ್ತದೆ. ಆದರೆ ಆ ಒಂದು ಜನ್ಮವನ್ನು ಬಿಟ್ಟರೆ ಉಳಿದ ದುಃಖವೆಲ್ಲ ಮನುಷ್ಯನ ಕೈಗೆ ಸಿಕ್ಕಿ ಬಂದುದು. ಅದರಲ್ಲಿಯೂ ಮೊದಲ ಹಾಗೂ ಕೊನೆಯ ಜನ್ಮಗಳು ಸಾಕುವ ಪ್ರೀತಿಯ ಅಥವಾ ವಿನೋದದ ಆವರಣದಲ್ಲಿ ನಡೆಯುತ್ತವೆ. ವಾತ್ಸಲ್ಯವು ಬಂಧವನ್ನು ಬಂಧವಲ್ಲದಂತೆ ಮಾಡುವುದಿಲ್ಲವೆಂಬುದನ್ನು ಪೂಜ್ಯಪಾದರು ಲಕ್ಷಣದಲ್ಲಿ ಅಡಗಿಸಿದರೆ ಜನ್ನನು ಯಶೋಮತಿಯ ಅಂಗಳದಲ್ಲಿ ತೋರಿಸಿದ್ದಾನೆ.

ನೇಮಿನಾಥಚರಿತೆಯ ಪ್ರಸಿದ್ಧ ಪ್ರಸಂಗವನ್ನೂ ಈ ಬೆಳಕಿನಲ್ಲಿ ನೋಡಬೇಕು. ಮದುವೆಗೆ ಹೊರಟ ಸ್ವಾಮಿಯು ರಥವನ್ನು ತಿರುಗಿಸಿದುದು ಯಾವುದನ್ನು ಕಂಡು? ಕೊಂದುದನ್ನಲ್ಲ. ಆ ವೇಳೆಗೆ ಒಂದು ಮೃಗವೂ ಸತ್ತಿರಲಿಲ್ಲ. ದೊಡ್ಡಿಯಲ್ಲಿ ಕೂಡಿದ್ದ, ಹೆದರಿ ಕೂಗುತ್ತಿದ್ದ ಮೃಗಗಳನ್ನು ಕಂಡು ಸಾರಥಿಯನ್ನು ಕಾರಣ ಕೇಳಿದುದಷ್ಟೇ. ಗುಣಭದ್ರರ ಉತ್ತರಪುರಾಣದಲ್ಲಿ ಇದು ನೇಮಿಗೆ ವೈರಾಗ್ಯ ಬರಲೆಂದು ಕೃಷ್ಣನೇ ಹೂಡಿದ ಉಪಾಯ. ಆ ಪಾಠದಲ್ಲಿ ಮೃಗಗಳ ಸೆರೆಯು ರಾಜಕಾರಣದ ಸಾಧನವೂ ಆಗಿದೆ. ಕನ್ನಡದಲ್ಲಿ ಬಹುಮಾನ್ಯವಾದ ನೇಮಿಚಂದ್ರನ ‘ಅರ್ಧನೇಮಿ’ಯು ಕಂಸವಧೆಯಲ್ಲಿಯೇ ನಿಂತುಹೋದುದರಿಂದ ಈ ಪ್ರಸಂಗವು ಆ ಕವಿಯ ಕೈಗೆ ಸಿಗಲಿಲ್ಲ, ಅದೊಂದು ನಷ್ಟವೇ ಸರಿ.

ಇನ್ನು ಆಧುನಿಕ ಪ್ರಾಣಿಹಕ್ಕಿನ ವಾದಕ್ಕೂ ಈ ಪರಂಪರೆಗೂ ಇರುವ ಸಾಮ್ಯ-ವೈಷಮ್ಯಗಳು. 2014ರ ಮೇ ತಿಂಗಳಲ್ಲಿ ಜಲ್ಲಿಕಟ್ಟಿನ ವಿಷಯವಾಗಿ ಕೊಟ್ಟ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಾಣಿಗಳ ‘ಐದು ಸ್ವಾತಂತ್ರ್ಯ’ಗಳನ್ನು ಎತ್ತಿ ಹೇಳಿತು. 1965ರ ಬ್ರಿಟನ್ನಿನ ಬ್ರಾಂಬೆಲ್ ಸಮಿತಿಯ ವರದಿಯಿಂದ ಬೆಳೆದುಬಂದ ಆ ಪಂಚಕದಲ್ಲಿ ಹಸಿವು-ನೀರಡಿಕೆಗಳಿಂದ ಮುಕ್ತಿ, ನೋವು-ಗಾಯಗಳಿಂದ ಮುಕ್ತಿ, ಸಹಜವಾದ ನಡವಳಿಕೆಗೆ ಅವಕಾಶ ಮುಂತಾದುವು ಬರುತ್ತವೆ. ಅನ್ನಪಾನನಿರೋಧ, ವಧ-ಛೇದ, ಬಂಧಗಳು ಅವಕ್ಕೆ ಎದುರುಬದುರಾಗಿ ನಿಲ್ಲುತ್ತವೆ. ಇಷ್ಟನ್ನು ಕಂಡ ಮಾತ್ರಕ್ಕೆ ಎಲ್ಲವೂ ಪೂರ್ವದಲ್ಲಿಯೇ ಇತ್ತೆಂದು ಘೋಷಿಸುವುದು ಪಾಂಡಿತ್ಯವಲ್ಲ. ಆ ಐದರಲ್ಲಿ ಭಯದಿಂದ ಮುಕ್ತಿಯೆಂಬುದೊಂದುಂಟು. ಅತಿಚಾರಗಳಲ್ಲಿ ಅದಕ್ಕೆ ಬೇರೆ ಸ್ಥಾನವಿಲ್ಲ. ಅದಕ್ಕಿಂತ ಮುಖ್ಯವಾದುದು ಮತ್ತೊಂದು. ಸ್ವಾತಂತ್ರ್ಯವು ಪ್ರಾಣಿಯ ಸ್ವತ್ತು, ಅದನ್ನು ಕಸಿದವನ ಮೇಲೆ ಇನ್ನೊಬ್ಬನು ದೂರು ಕೊಡಬಹುದು. ಅತಿಚಾರವು ವ್ರತಿಯ ವ್ರತಕ್ಕೆ ತಗಲುವ ಮಲ, ಅದನ್ನು ಅವನೇ ಕಂಡು ಆಲೋಚನೆ-ಪ್ರಾಯಶ್ಚಿತ್ತಗಳಿಂದ ತೊಳೆಯಬೇಕು. ನ್ಯಾಯಾಲಯವು ಸಂಕಲ್ಪವನ್ನು ನೋಡಲಾರದು; ಹಿಟ್ಟಿನ ಕೋಳಿಗೆ ಶಿಕ್ಷೆ ಕೊಡುವ ಕಾನೂನು ಎಲ್ಲಿಯೂ ಇಲ್ಲ. ಇತ್ತ ವ್ರತಿಯು ಕಾಣದೆ ಹೋದರೆ ಆನೆಗೆ ಬೇರೆ ಗತಿಯಿಲ್ಲ, ಅದು ವ್ರತಮಾರ್ಗದ ಮಿತಿ.

ಅಮೃತಚಂದ್ರಸೂರಿಗಳ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಭೇದವು ಇನ್ನೂ ಸ್ಪಷ್ಟ. ಒಂದು ಹಿಂಸ್ರಮೃಗವನ್ನು ಕೊಂದರೆ ಬಹುಜೀವಿಗಳು ಉಳಿಯುವುವೆಂಬ ವಾದವನ್ನೂ, ಬಹುದುಃಖದಲ್ಲಿರುವ ಪ್ರಾಣಿಯನ್ನು ಕೊಂದು ಬಿಡುಗಡೆ ಮಾಡಬೇಕೆಂಬ ವಾದವನ್ನೂ ಅವರು ನಿರಾಕರಿಸಿದ್ದಾರೆ. ದಯಾಮರಣವನ್ನು ಒಪ್ಪುವ ಪಾಶ್ಚಾತ್ಯ ಪ್ರಾಣಿದಯಾಸಂಘಗಳಿಗೂ ಪಿಂಜರಾಪೋಳಗಳಿಗೂ ಇರುವ ಹಳೆಯ ಮನಸ್ತಾಪದ ಮೂಲ ಇಲ್ಲಿದೆ. ಕೊಲ್ಲದೆ ಇಟ್ಟುಕೊಂಡವರು ಇಕ್ಕಟ್ಟಿನಲ್ಲಿ ಕೂಡಿ ಮೇವು-ನೀರುಗಳಿಗೆ ಕೊರತೆ ಮಾಡಿದರೆ ಬಂಧವೂ ಅನ್ನಪಾನನಿರೋಧವೂ ಒಟ್ಟಿಗೆ ಬರುತ್ತವೆಂಬುದನ್ನು ಪಿಂಜರಾಪೋಳದ ಆಡಳಿತಗಳು ನೆನೆಯಬೇಕು.

ನಾಂದಣಿಯ ಆನೆಯ ವಿಷಯಕ್ಕೆ ಬಂದರೆ, ಮಠಗಳಲ್ಲಿ ಆನೆಯನ್ನು ಇಟ್ಟುಕೊಳ್ಳುವುದು ರಾಜಮರ್ಯಾದೆಯಿಂದ ಬಂದ ಬಿರುದೇ ಹೊರತು ಯಾವ ವ್ರತದ ಅಂಗವೂ ಅಲ್ಲ. ಜಿನಪೂಜೆಯ ವಿಧಿಗಳಿಗೆ ಜೀವಂತ ಆನೆ ಅನಿವಾರ್ಯವಲ್ಲ. 2022ರಲ್ಲಿ ವನ್ಯಜೀವಿ ಶಾಸನಕ್ಕೆ ಆದ ತಿದ್ದುಪಡಿಯು ಸಾಕಾನೆಯನ್ನು ಧಾರ್ಮಿಕವೇ ಮೊದಲಾದ ಉದ್ದೇಶಗಳಿಗಾಗಿ ವರ್ಗಾಯಿಸಲು ಎಡೆಮಾಡಿಕೊಟ್ಟಿತೆಂಬುದು ಕಾನೂನಿನ ಅನುಮತಿ. ಅತಿಚಾರಕ್ಕೆ ಅದು ಪರಿಹಾರವಾಗದು. ಮಠದ ಪರವಾಗಿ ನಡೆದವರ ಕಣ್ಣೀರನ್ನು ಕಪಟವೆಂದವರು ಅವರನ್ನು ಅರಿಯರು. ಆದರೆ ಯಶೋಮತಿಯ ಮೆಚ್ಚಿಕೆಯೂ ಕಪಟವಾಗಿರಲಿಲ್ಲ. ಇನ್ನೊಂದು ಪಕ್ಷದ ಮಾತಿಗೂ ಇದೇ ಒರೆಗಲ್ಲು. ಒಂದು ಸೆರೆಯಿಂದ ಬಿಡಿಸಿ, ನೂರಾರು ಗಾವುದ ಸಾಗಿಸಿ, ವಿಶಾಲವೂ ಸುಸಜ್ಜಿತವೂ ಆದ ಇನ್ನೊಂದು ಆವರಣದಲ್ಲಿ ಇಟ್ಟರೆ ಔಷಧೋಪಚಾರವೂ ಸಂಗಾತಿಗಳೂ ದೊರೆಯಬಹುದು. ಪೂಜ್ಯಪಾದರ ಲಕ್ಷಣದ ‘ಇಷ್ಟವಾದ ಸ್ಥಳ’ ಮಾತ್ರ ಅದಲ್ಲ. ಮೂರು ದಶಕಗಳ ಕಾಲ ಕಾಡನ್ನು ಕಾಣದ ಆನೆಯನ್ನು ಈಗ ಕಾಡಿಗೆ ಬಿಡುವುದೂ ಸುಲಭವಲ್ಲ. ಮೊದಲ ಹಗ್ಗ ಬಿದ್ದ ದಿನವೇ ತಡೆಯಬೇಕಾಗಿದ್ದ ದೋಷವಿದು.

ತತ್ತ್ವಾರ್ಥಕ್ಕೆ ಕನ್ನಡದಲ್ಲಿ ದಿವಾಕರನಂದಿಯ ವೃತ್ತಿಯೂ ಬಾಲಚಂದ್ರ ಮುನಿಯ ತತ್ತ್ವರತ್ನಪ್ರದೀಪಿಕೆಯೂ ಇವೆ. ಈ ಟೀಕೆಗಳ ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು ಬಂಧಾದಿ ಐದು ಶಬ್ದಗಳಿಗೆ ಕೊಟ್ಟಿರುವ ಕನ್ನಡ ಅರ್ಥಗಳನ್ನು, ದೃಷ್ಟಾಂತವಾಗಿ ಎತ್ತಿಕೊಂಡಿರುವ ಪ್ರಾಣಿಗಳ ಹೆಸರುಗಳನ್ನು ಪಾಠಾಂತರಗಳೊಡನೆ ಕ್ರೋಡೀಕರಿಸುವ ಕೆಲಸವನ್ನು ಯಾರಾದರೂ ಕೈಗೊಂಡರೆ, ಮಠಗಳ ಅಂಗಳದಲ್ಲಿ ನಡೆಯಬೇಕಾದ ಚರ್ಚೆಗೆ ಅದರಿಂದ ಆಧಾರ ಒದಗುತ್ತದೆ. ಆನೆಯ ಹೆಸರು ಅಲ್ಲಿ ಬರುತ್ತದೆಯೋ ಇಲ್ಲವೋ ನೋಡಬೇಕಾಗಿದೆ.